ಚೀಲದೊಳಗೊಂದು ವೈ-ಫೈ, ಜೊತೆಗೊಂದು ಟಾಕೀಸು

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿ ಇಳಿಯುವ ರೈಲು ಹಾದಿಯಲ್ಲಿ 57 ಸುರಂಗಗಳಿವೆ. ಅಲ್ಲಿ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಗಲು ರೈಲಾದರೆ ಕಿಟಕಿಯೇ ಸಾಕು, ಫೋನ್ ಯಾರಿಗೂ ಬೇಡ. ರಾತ್ರಿ ರೈಲಿನಲ್ಲಿ ನಿದ್ದೆ ಬಾರದ ಮಕ್ಕಳ ಮುಂದೆ ಅರ್ಧಕ್ಕೆ ನಿಂತ ಕಾರ್ಟೂನ್ ಇದ್ದರೆ ಮಾತ್ರ ಇಡೀ ಬೋಗಿಗೆ ಜಾಗರಣೆ.

ಇದಕ್ಕೆ ಮದ್ದು ಸರಳ. ವೈ-ಫೈ ಬೇರೆ, ಇಂಟರ್ನೆಟ್ ಬೇರೆ. ವೈ-ಫೈ ಎಂಬುದು ಹತ್ತಿರದ ಸಾಧನಗಳನ್ನು ಒಂದಕ್ಕೊಂದು ಬೆಸೆಯುವ ಕಾಣದ ತಂತಿ, ಅಷ್ಟೆ. ನೋಡಬೇಕಾದ ವಿಡಿಯೊ ನಿಮ್ಮ ಚೀಲದೊಳಗಿನ ಡಿಸ್ಕಿನಲ್ಲೇ ಇದ್ದರೆ ಹೊರಗಿನ ಸಂಪರ್ಕದ ಹಂಗೇ ಬೇಡ. ಚೀಲದೊಳಗೆ ಒಂದು ಪುಟ್ಟ ರೌಟರ್, ಒಂದು ಪುಟ್ಟ ಕಂಪ್ಯೂಟರ್, ಒಂದು ಎಸ್‌ಎಸ್‌ಡಿ, ಒಂದು ಪವರ್ ಬ್ಯಾಂಕ್. ಮನೆಮಂದಿಯೆಲ್ಲ ತಮ್ಮ ತಮ್ಮ ಫೋನಿನಲ್ಲಿ ಬೇಕಾದ್ದನ್ನು ನೋಡಬಹುದು.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದರಲ್ಲೇ ವಿಡಿಯೊ ಬಡಿಸುವ ಕೆಲಸ, ರೌಟರಿನ ಕೆಲಸ ಎರಡನ್ನೂ ಮಾಡಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ನನ್ನ ಸಲಹೆ: ಬೇಡ. ಪೈನಲ್ಲಿ ಇರುವುದು ಒಂದೇ ವೈ-ಫೈ ರೇಡಿಯೊ. ಹೋಟೆಲಿನ ವೈ-ಫೈ ಹಿಡಿಯುವುದೂ ಅದೇ, ನಿಮ್ಮ ಫೋನುಗಳಿಗೆ ಹಂಚುವುದೂ ಅದೇ ಆದರೆ, ಎರಡೂ ಒಂದೇ ಚಾನೆಲ್ಲಿನಲ್ಲಿ ಸರದಿ ಕಾಯಬೇಕು, ವೇಗ ಕುಸಿಯುತ್ತದೆ. ಆಂಟೆನಾ ಕೂಡ ಬಲವಾದದ್ದೇನಲ್ಲ. ಅಂಗೈಯಗಲದ ಟ್ರಾವೆಲ್ ರೌಟರ್ ಕೊಂಡು, ಪೈಯನ್ನು ಗೇಣುದ್ದದ ಈಥರ್ನೆಟ್ ಕೇಬಲ್ಲಿನಿಂದ ಅದಕ್ಕೆ ಸಿಕ್ಕಿಸಿದರೆ ತಲೆನೋವು ಅರ್ಧಕ್ಕರ್ಧ ಇಳಿಯುತ್ತದೆ. ರೌಟರಿನಲ್ಲಿ ಓಪನ್‌ವರ್ಟ್ ತಂತ್ರಾಂಶ ಇರಲಿ. ಜಿಎಲ್-ಐನೆಟ್ ಕಂಪನಿಯ ಪುಟಾಣಿ ರೌಟರುಗಳು ಇದನ್ನೇ ತುಸು ಬದಲಿಸಿ ಬಳಸುತ್ತವೆ.

ಪ್ರಯಾಣಕ್ಕೆ ಪೈ 5ಕ್ಕಿಂತ ಪೈ 4 ವಾಸಿ. ಪೈ 5 ಬಯಸುವುದು 5 ವೋಲ್ಟ್, 5 ಆಂಪಿಯರ್. ಬಹುತೇಕ ಪವರ್ ಬ್ಯಾಂಕುಗಳು 5 ವೋಲ್ಟಿನಲ್ಲಿ 3 ಆಂಪಿಯರಿಗೆ ನಿಲ್ಲುತ್ತವೆ. ಆಗ ಪೈ 5 ತನ್ನ ಯುಎಸ್‌ಬಿ ಕಿಂಡಿಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ, ಡಿಸ್ಕ್ ತಡವರಿಸುತ್ತದೆ. ಪೈ 4 ಅದೇ 3 ಆಂಪಿಯರಿನಲ್ಲಿ 1.2 ಆಂಪಿಯರ್ ಕೊಡುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಕುಲುಕಾಟಕ್ಕೆ ಆಗಿಬರುವುದಿಲ್ಲ, ಎಸ್‌ಎಸ್‌ಡಿಯನ್ನೇ ಹಾಕಿ.

ಪೈ ಮೇಲೆ ಜೆಲ್ಲಿಫಿನ್ ಎಂಬ ಉಚಿತ, ಮುಕ್ತ ತಂತ್ರಾಂಶ ಕೂರಿಸಿ. ಎಂಬಿ ಎಂಬ ಮೀಡಿಯಾ ಸರ್ವರ್ ತನ್ನ ಮೂಲ ಸಂಕೇತವನ್ನು ಮುಚ್ಚಿದಾಗ, 2018ರ ಡಿಸೆಂಬರಿನಲ್ಲಿ, ಅದರಿಂದ ಕವಲೊಡೆದು ಹುಟ್ಟಿದ್ದು ಇದು. ಬಳಕೆದಾರರ ಖಾತೆಗಳು ನಿಮ್ಮ ಡಬ್ಬಿಯಲ್ಲೇ ಇರುವುದರಿಂದ ಲಾಗಿನ್‌ಗೆ ಹೊರಗಿನ ಯಾವ ಸರ್ವರಿನ ಅಪ್ಪಣೆಯೂ ಬೇಡ. ಫೋನಿನ ಬ್ರೌಸರಿನಲ್ಲಿ ಪೈಯ ವಿಳಾಸ, ಮುಂದೆ 8096 ಎಂಬ ಪೋರ್ಟ್ ಸಂಖ್ಯೆ ಒತ್ತಿದರೆ ತೆರೆಯಿತು.

ನಿಜವಾದ ಕೆಲಸ ಇರುವುದು ಫೈಲುಗಳನ್ನು ಹದ ಮಾಡುವುದರಲ್ಲಿ. ಫೋನಿಗೆ ಅರ್ಥವಾಗದ ರೂಪದಲ್ಲಿ ವಿಡಿಯೊ ಇದ್ದರೆ ಸರ್ವರ್ ಅದನ್ನು ಆಗಿಂದಾಗಲೇ ಬೇರೆ ರೂಪಕ್ಕೆ ತಿರುಗಿಸಬೇಕಾಗುತ್ತದೆ. ಅದಕ್ಕೆ ಟ್ರಾನ್ಸ್‌ಕೋಡಿಂಗ್ ಎನ್ನುತ್ತಾರೆ. ಪೈಗೆ ಅಷ್ಟು ತಾಕತ್ತಿಲ್ಲ; ಕಾದು ಕೆಂಪಾಗುತ್ತದೆ, ಚಿತ್ರ ತೆವಳುತ್ತದೆ. ಹಾಗಾಗಿ ಮನೆಯ ಕಂಪ್ಯೂಟರಿನಲ್ಲೇ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ ಬಳಸಿ ಎಲ್ಲವನ್ನೂ ಎಚ್.264 ವಿಡಿಯೊ, ಎಎಸಿ ಆಡಿಯೊ ಇರುವ ಎಂಪಿ4 ಮಾಡಿಟ್ಟುಕೊಳ್ಳಿ. ಆಗ ಸರ್ವರಿನ ಪಾಲಿಗೆ ಉಳಿಯುವುದು ಫೈಲನ್ನು ಇದ್ದ ಹಾಗೇ ಬಡಿಸುವ ಕೆಲಸ. ಎರಡು ಗಂಟೆಯ ಚಿತ್ರವನ್ನು 2 ಜಿಬಿಗೆ ಇಳಿಸಿದರೆ ಸೆಕೆಂಡಿಗೆ ಎರಡು ಮೆಗಾಬಿಟ್ಟಿಗಿಂತ ತುಸು ಹೆಚ್ಚು ಸಾಕು. ನಾಲ್ಕು ಜನ ನಾಲ್ಕು ಬೇರೆ ಚಿತ್ರ ನೋಡಿದರೂ ಸಾಮಾನ್ಯ ವೈ-ಫೈಗೆ ಭಾರವಲ್ಲ. 500 ಜಿಬಿ ಡಿಸ್ಕಿನಲ್ಲಿ ಅಂಥ ಇನ್ನೂರಕ್ಕೂ ಹೆಚ್ಚು ಚಿತ್ರ ಹಿಡಿಸುತ್ತವೆ. ಸಬ್‌ಟೈಟಲ್ ಬೇಕಿದ್ದರೆ ಪ್ರತ್ಯೇಕ ಎಸ್‌ಆರ್‌ಟಿ ಫೈಲಾಗಿರಲಿ, ಯುಟಿಎಫ್-8ರಲ್ಲಿ ಉಳಿಸಿ. ಇಲ್ಲವಾದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಚೌಕುಳಿಗಳು ಕುಣಿಯುತ್ತವೆ.

ಫೋಲ್ಡರಿನ ಹೆಸರಿನ ಮುಂದೆ ವರ್ಷ ಬರೆಯುವುದನ್ನು ಮರೆಯಬೇಡಿ. ‘ನಾಗರಹಾವು’ ಎಂದಷ್ಟೇ ಬರೆದರೆ 1972ರದ್ದೋ, 2002ರದ್ದೋ, 2016ರದ್ದೋ ಸರ್ವರಿಗೆ ಹೇಗೆ ತಿಳಿಯಬೇಕು? ಚಾಮಯ್ಯ ಮೇಷ್ಟ್ರ ಚಿತ್ರಕ್ಕೆ ಉಪೇಂದ್ರರ ಪೋಸ್ಟರ್ ಅಂಟಿಕೊಂಡೀತು. ಪೋಸ್ಟರ್, ವಿವರಗಳನ್ನು ಜೆಲ್ಲಿಫಿನ್ ಇಂಟರ್ನೆಟ್ಟಿನಿಂದ ತರುವುದರಿಂದ ಆ ಕೆಲಸ ಮನೆಯಲ್ಲೇ ಮುಗಿದಿರಲಿ.

ಒಟಿಟಿ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ್ದು ಇಲ್ಲಿಗೆ ಬಾರದು. ಅವುಗಳಿಗೆ ಬೀಗವಿದೆ, ಬಾಳುವುದು ಆ ಆ್ಯಪ್‌ನೊಳಗೆ ಮಾತ್ರ. ಮನೆಯ ಮದುವೆ-ಮುಂಜಿಯ ವಿಡಿಯೊ, ದುಡ್ಡು ಕೊಟ್ಟು ಕೊಂಡ ಬೀಗವಿಲ್ಲದ ಹಾಡು, ಮುಕ್ತ ಪರವಾನಗಿಯ ಚಿತ್ರಗಳು ಧಾರಾಳ ಸಲ್ಲುತ್ತವೆ. ಬ್ಲೆಂಡರ್ ಸಂಸ್ಥೆಯ ‘ಬಿಗ್ ಬಕ್ ಬನ್ನಿ’ ಅಂಥದ್ದೊಂದು. ಪೈಯಲ್ಲಿ ಕಿವಿಕ್ಸ್ ಎಂಬ ತಂತ್ರಾಂಶವನ್ನೂ ಹಾಕಿದರೆ ಕನ್ನಡ ವಿಕಿಪೀಡಿಯವನ್ನೇ ಹೊತ್ತೊಯ್ಯಬಹುದು. ಹಂಪಿಯ ಬಿಸಿಲಿನಲ್ಲಿ ನಿಂತ ಮಕ್ಕಳ ಪ್ರಶ್ನೆಗೆ ಸಿಗ್ನಲ್ ಇಲ್ಲದೆಯೂ ಉತ್ತರ ಸಿಗುತ್ತದೆ.

ಹೋಟೆಲಿನಲ್ಲಿ ರೌಟರಿನ ಮಹಿಮೆ ತಿಳಿಯುತ್ತದೆ. ರೂಮ್ ನಂಬರು, ಒಟಿಪಿ ಕೇಳುವ ಲಾಗಿನ್ ಪುಟವನ್ನು ರೌಟರಿನ ಮೂಲಕ ಒಮ್ಮೆ ದಾಟಿದರೆ ಸಾಕು; ಹೋಟೆಲಿನ ಕಣ್ಣಿಗೆ ನಿಮ್ಮ ಅಷ್ಟೂ ಸಾಧನಗಳು ಒಂದೇ. ಟಿವಿಗೆ ಸಿಕ್ಕಿಸುವ ಸ್ಟಿಕ್ಕಿಗೂ ಮತ್ತೆ ಒಟಿಪಿ ಬೇಡ. ಪುಟವೇ ತೆರೆಯದಿದ್ದರೆ ವಿಪಿಎನ್ ಮತ್ತು ನೀವೇ ಹಾಕಿಕೊಂಡ ಡಿಎನ್‌ಎಸ್ ಅನ್ನು ತಾತ್ಕಾಲಿಕವಾಗಿ ಆರಿಸಿ. ನಿಮ್ಮ ರೌಟರಿನ ವಿಳಾಸ 192.168.1.1 ಆಗಿರದಿರಲಿ: ಹೋಟೆಲಿನದೂ ಅದೇ ಇದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. 192.168.8.1 ಎಂದೋ ಮತ್ತೊಂದೋ ಇಡಿ. ಹೋಟೆಲಿನ ವೈ-ಫೈ ಕೈಕೊಟ್ಟರೆ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ರೌಟರಿಗೆ ಜೋಡಿಸಿ ಟೆದರಿಂಗ್ ಮಾಡಬಹುದು.

ಕರೆಂಟಿನ ಲೆಕ್ಕ ಹೀಗೆ. 20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 3.7 ವೋಲ್ಟಿನಲ್ಲಿ 74 ವಾಟ್-ಅವರ್. ಸೋರಿಕೆ ಕಳೆದು 60 ದಕ್ಕೀತು. ಪೈ, ಡಿಸ್ಕ್, ರೌಟರ್ ಸೇರಿ ಸುಮಾರು 10 ವಾಟ್ ಎಂದರೆ ಆರು ಗಂಟೆ. ಕಾರಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡುವಾಗ ಚಾರ್ಜರ್ ಕಿಂಡಿಗೆ ಕ್ಷಣಕಾಲ ಕರೆಂಟ್ ತಪ್ಪುವುದುಂಟು. ಪೈ ಹಾಗೆ ಥಟ್ಟನೆ ಆರಿದರೆ ಮೆಮೊರಿ ಕಾರ್ಡ್ ಕೆಡಬಹುದು, ಆದ್ದರಿಂದ ಅಲ್ಲೂ ಪವರ್ ಬ್ಯಾಂಕಿನಿಂದಲೇ ನಡೆಸಿ. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲಿರಬೇಕು, ಚೆಕ್-ಇನ್ ಸಾಮಾನಿನಲ್ಲಿ ನಿಷಿದ್ಧ.

ಹೊರಡುವ ಹಿಂದಿನ ದಿನ ಮನೆಯ ಇಂಟರ್ನೆಟ್ ಆರಿಸಿ, ಎಲ್ಲರ ಫೋನಿನಲ್ಲೂ ಒಂದೊಂದು ವಿಡಿಯೊ ಓಡಿಸಿ ನೋಡಿ. ಇಂಟರ್ನೆಟ್ ಇಲ್ಲದ ವೈ-ಫೈ ಕಂಡರೆ ಕೆಲವು ಫೋನುಗಳು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಾರುತ್ತವೆ, ಆಗ ಸರ್ವರ್ ಸಿಗದು. ‘ಸಂಪರ್ಕ ಉಳಿಸಿಕೊಳ್ಳಲೇ’ ಎಂದು ಫೋನ್ ಕೇಳಿದಾಗ ಹೌದು ಎನ್ನುವುದನ್ನು ಮನೆಯ ಹಿರಿಯರಿಗೂ ಅಂದೇ ತೋರಿಸಿಕೊಡಿ.