ಸಂತ ಬೋನಿಫೇಸನ ಗ್ರಂಥಪೆಟ್ಟಿಗೆ

ಕ್ರಿ. ಶ. 754ನೆಯ ವರ್ಷದ ಜೂನ್ ತಿಂಗಳು, 5ನೆಯ ದಿನ. ಇಂದಿನ ನೆದರ್ಲೆಂಡ್ಸ್ ದೇಶದ ಉತ್ತರ ಭಾಗದಲ್ಲಿ, ಡೊಕ್ಕುಂ ಎಂಬ ಊರಿನ ಸಮೀಪ, ನದಿಯ ದಡದಲ್ಲಿ ಕೆಲವು ಗುಡಾರಗಳು ಎದ್ದಿದ್ದುವು. ಎಪ್ಪತ್ತೈದು ದಾಟಿದ ವೃದ್ಧ ಬಿಷಪನೊಬ್ಬನು ತನ್ನ ಸಂಗಡಿಗರೊಡನೆ ಅಲ್ಲಿ ತಂಗಿದ್ದನು. ಹೊಸದಾಗಿ ದೀಕ್ಷಾಸ್ನಾನ ಪಡೆದಿದ್ದ ಜನ ಆ ದಿನ ಆತನ ಬಳಿಗೆ ಬರಬೇಕಾಗಿತ್ತು. ಆದರೆ ನಸುಕಿನಲ್ಲಿ ಬಂದವರು ಅವರಲ್ಲ. ಖಡ್ಗ ಭರ್ಜಿಗಳನ್ನು ಹಿಡಿದ ದರೋಡೆಗಾರರು. ಸಂಗಡಿಗರು ಆಯುಧಗಳಿಗೆ ಕೈಯಿಕ್ಕಲು ಹೋದಾಗ, ಮುಯ್ಯಿಗೆ ಮುಯ್ಯಿ ಕೂಡದೆಂದು ವೃದ್ಧನು ತಡೆದನು. ಕ್ಷಣಕಾಲದಲ್ಲಿ ಆತನೂ ಆತನೊಡನಿದ್ದ ಐವತ್ತಕ್ಕೂ ಹೆಚ್ಚು ಮಂದಿಯೂ ಹತರಾದರೆಂದು ಪರಂಪರೆಯ ನುಡಿ.

ದರೋಡೆಗಾರರು ಚಿನ್ನ ಬೆಳ್ಳಿಯ ಆಸೆಯಿಂದ ಅಲ್ಲಿದ್ದ ಪೆಟ್ಟಿಗೆಗಳನ್ನು ಹೊತ್ತೊಯ್ದರು. ಪಾಲಿಗಾಗಿ ತಮ್ಮತಮ್ಮಲ್ಲೇ ಕಾದಾಡಿ ಕೆಲವರು ಮಡಿದರು. ಉಳಿದವರು ಪೆಟ್ಟಿಗೆಗಳನ್ನು ಒಡೆದು ನೋಡಿದರೆ ಒಳಗೆ ಇದ್ದುದು ಪುಸ್ತಕಗಳು! ಸಿಟ್ಟಿನಿಂದ ಅವುಗಳನ್ನು ಹೊಲದಲ್ಲಿಯೂ ಜೌಗಿನ ಜೊಂಡಿನಲ್ಲಿಯೂ ಎಸೆದು ಹೋದರಂತೆ.

ಹೀಗೆ ಪ್ರಾಣ ತೆತ್ತವನೇ ಸಂತ ಬೋನಿಫೇಸ್. ಕ್ಯಾಥೊಲಿಕ್ ಪರಂಪರೆ ಆತನನ್ನು 'ಜರ್ಮನರ ಅಪೊಸ್ತಲ' ಎಂದು ಗೌರವಿಸುತ್ತದೆ. ಆತನ ಚಿತ್ರಗಳಲ್ಲಿ ಕೊಡಲಿಯೂ ಕಾಣುತ್ತದೆ, ಖಡ್ಗ ನಾಟಿದ ಗ್ರಂಥವೂ ಕಾಣುತ್ತದೆ. ಈ ಎರಡರಲ್ಲಿ ಆತನ ನಿಜವಾದ ಬಾಳು ಯಾವುದರಲ್ಲಿ ಅಡಗಿತ್ತೆಂದು ವಿಚಾರಿಸುವುದು ಸ್ವಾರಸ್ಯಕರವಾದ ಸಂಗತಿ.

ಬೋನಿಫೇಸನ ಹುಟ್ಟುಹೆಸರು ವಿನ್‌ಫ್ರಿಡ್. ಇಂಗ್ಲೆಂಡಿನ ನೈಋತ್ಯ ಭಾಗದ ವೆಸೆಕ್ಸ್ ರಾಜ್ಯದಲ್ಲಿ, ಸುಮಾರು 675ರಲ್ಲಿ ಆತನ ಜನನ. ಎಳೆಯ ವಯಸ್ಸಿನಲ್ಲೇ ಮಠವನ್ನು ಸೇರಿ, ಎಕ್ಸೆಟರಿನಲ್ಲಿಯೂ ಬಳಿಕ ನರ್ಸ್‌ಲಿಂಗ್ ಎಂಬಲ್ಲಿಯೂ ವಿದ್ಯಾಭ್ಯಾಸ ಮಾಡಿದನು. ನರ್ಸ್‌ಲಿಂಗಿನ ಮಠಾಧಿಪತಿ ವಿನ್‌ಬರ್ಟನು ಆತನ ಗುರು. ಶಿಷ್ಯನು ಕಾಲಾಂತರದಲ್ಲಿ ಅದೇ ಮಠದ ಉಪಾಧ್ಯಾಯನಾಗಿ ಹೆಸರು ಗಳಿಸಿದನು. ಲ್ಯಾಟಿನ್ ಭಾಷೆಗೆ ಒಂದು ವ್ಯಾಕರಣವನ್ನೂ ಬರೆದನು.

ನಲವತ್ತು ವರ್ಷ ವಯಸ್ಸು, ವಿದ್ವತ್ತು, ಶಿಷ್ಯರ ಪ್ರೀತಿ, ನೆಮ್ಮದಿಯ ಬಾಳು—ಇನ್ನೇನು ಬೇಕು? ಆದರೂ 716ರಲ್ಲಿ ಆತನು ಕಡಲು ದಾಟಿ ಫ್ರೀಸಿಯ ಎಂಬ ಕರಾವಳಿ ನಾಡಿಗೆ ಹೊರಟನು. ಅಲ್ಲಿನ ದೊರೆ ರಾಡ್‌ಬೋಡನಿಗೂ ಫ್ರಾಂಕರ ನಾಯಕ ಚಾರ್ಲ್ಸ್ ಮಾರ್ಟೆಲನಿಗೂ ಯುದ್ಧ ನಡೆದಿದ್ದ ಕಾಲವದು. ಕೆಲಸ ಕೈಗೂಡದೆ ವಿನ್‌ಫ್ರಿಡನು ಬರಿಗೈಯಲ್ಲಿ ಹಿಂದಿರುಗಿದನು. ಅಷ್ಟರಲ್ಲಿ ಗುರು ವಿನ್‌ಬರ್ಟನು ತೀರಿಕೊಂಡನು. ಮಠದವರು ಗುರುಪೀಠವನ್ನು ಈತನಿಗೇ ಒಪ್ಪಿಸಲು ಮುಂದಾದರು. ಆತನು ಒಲ್ಲೆನೆಂದನು. 718ರಲ್ಲಿ ತಾಯ್ನಾಡನ್ನು ಬಿಟ್ಟವನು ಮತ್ತೆಂದೂ ಅದರ ಮುಖವನ್ನು ಕಾಣಲಿಲ್ಲ.

719ರಲ್ಲಿ ರೋಮಿನಲ್ಲಿ ಪೋಪ್ ಎರಡನೆಯ ಗ್ರೆಗೊರಿಯು ಆತನಿಗೆ ಬೋನಿಫೇಸ್ ಎಂಬ ಹೊಸ ಹೆಸರನ್ನಿತ್ತು, ಜರ್ಮನ್ ನಾಡುಗಳಲ್ಲಿ ಧರ್ಮಪ್ರಸಾರ ಮಾಡುವ ಹೊಣೆಯನ್ನು ಒಪ್ಪಿಸಿದನು. 722ರಲ್ಲಿ ಆತನು ಬಿಷಪನಾದನು. ಅದರ ಮರುವರ್ಷದ ಸುಮಾರಿಗೆ ನಡೆದುದೇ ಆತನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿದ ಘಟನೆ.

ಹೆಸ್ಸೆ ಪ್ರಾಂತದ ಗೈಸ್ಮಾರ್ ಎಂಬಲ್ಲಿ ಒಂದು ಮಹಾವೃಕ್ಷವಿತ್ತು. ಗುಡುಗಿನ ದೇವತೆಯಾದ ದೋನಾರನಿಗೆ ಮೀಸಲಾದ ಓಕ್ ಮರ ಅದು. ಬೋನಿಫೇಸನು ನೆರೆದ ಜನರ ಮುಂದೆಯೇ ಅದಕ್ಕೆ ಕೊಡಲಿ ಹಾಕಿದನು. ದೇವತೆ ಸಿಡಿಲೆರಗಿಸಿ ಆತನನ್ನು ಸುಟ್ಟುಬಿಡುವನೆಂದು ಜನ ಕಾದರು. ಸಿಡಿಲು ಬರಲಿಲ್ಲ. ಒಂದಿಷ್ಟು ಕಚ್ಚು ಬೀಳುತ್ತಲೇ ಬಿರುಗಾಳಿ ಬೀಸಿ ಮರವು ನಾಲ್ಕು ಸೀಳಾಗಿ ಉರುಳಿತೆಂದು ಆತನ ಚರಿತ್ರೆ ಬರೆದ ವಿಲ್ಲಿಬಾಲ್ಡನು ಹೇಳುತ್ತಾನೆ. ಅದೇ ಮರದ ಹಲಗೆಗಳಿಂದ ಸಂತ ಪೇತ್ರನ ಹೆಸರಿನಲ್ಲಿ ಒಂದು ಪ್ರಾರ್ಥನಾಮಂದಿರವು ಎದ್ದಿತು.

ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಬರುವುದನ್ನು ಕಂಡು ಬೆಳೆದ ನಮಗೆ ಈ ಕಥೆ ಸುಲಭವಾಗಿ ಹಿಡಿಸುವುದಿಲ್ಲ. ಹಿಡಿಸಬೇಕಾಗಿಯೂ ಇಲ್ಲ. ಆ ಮರದ ನೆರಳಿನಲ್ಲಿ ಕೈಮುಗಿದು ನಿಂತಿದ್ದವರ ಎದೆಯಲ್ಲಿ ಅಂದು ಏನಾಯಿತೆಂಬುದನ್ನು ಬರೆದಿಟ್ಟವರಿಲ್ಲ. ಬೋನಿಫೇಸನ ಬೆನ್ನಿಗೆ ಚಾರ್ಲ್ಸ್ ಮಾರ್ಟೆಲನ ರಕ್ಷಣಾಪತ್ರವಿತ್ತೆಂಬುದನ್ನೂ ಮರೆಯುವಂತಿಲ್ಲ. ಫ್ರಾಂಕರ ಪ್ರಭುವಿನ ಆಶ್ರಯವಿಲ್ಲದೆ ತನ್ನ ಕಾರ್ಯ ಸಾಗದೆಂದು ಆತನೇ ಮುಂದೊಂದು ಕಾಗದದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ.

ಅದೇ ದಿನಗಳಲ್ಲಿ ವಿಂಚೆಸ್ಟರಿನ ಬಿಷಪ್ ಡೇನಿಯಲನು ಈ ಕಿರಿಯ ಮಿತ್ರನಿಗೆ ಬರೆದ ಪತ್ರವೊಂದು ಉಳಿದುಬಂದಿದೆ. ಅನ್ಯಮತದವರ ದೇವತೆಗಳ ವಂಶಾವಳಿಯನ್ನು ನೇರವಾಗಿ ಅಲ್ಲಗಳೆಯಬೇಡ, ಅವರನ್ನೇ ಮಾತನಾಡಿಸು, ಹುಟ್ಟಿದ ದೇವತೆಗಳಿಗಿಂತ ಮೊದಲು ಜಗತ್ತನ್ನು ಆಳುತ್ತಿದ್ದವರು ಯಾರೆಂದು ಕೇಳು, ಹೀಯಾಳಿಸದೆ, ಕೆರಳಿಸದೆ, ಸಮಾಧಾನದಿಂದ ಕೇಳು—ಇದು ಅದರ ತಾತ್ಪರ್ಯ. ಕೊಡಲಿಯ ದಾರಿಯೊಂದು, ಪ್ರಶ್ನೆಯ ದಾರಿಯೊಂದು. ಬೋನಿಫೇಸನ ಮುಂದೆ ಎರಡೂ ಇದ್ದುವು.

ಮರ ಬಿದ್ದದ್ದು ಒಂದು ದಿನದ ಕೆಲಸ. ಅದಾದ ಮೇಲೆ ಮೂವತ್ತು ವರ್ಷ ಆತನು ಮಾಡಿದ್ದು ಬೇರೆಯೇ ಬಗೆಯ ದುಡಿಮೆ. 732ರಲ್ಲಿ ಆರ್ಚ್‌ಬಿಷಪನಾದನು, 739ರಲ್ಲಿ ಬವೇರಿಯದ ಧರ್ಮಪ್ರಾಂತಗಳನ್ನು ವ್ಯವಸ್ಥೆಗೊಳಿಸಿದನು, ಧರ್ಮಸಭೆಗಳನ್ನು ಕೂಡಿಸಿ, ನಾಯಿ ಗಿಡುಗಗಳನ್ನು ಕಟ್ಟಿಕೊಂಡು ಬೇಟೆಯಾಡುತ್ತಿದ್ದ ಪಾದ್ರಿಗಳಿಗೆ ಕಡಿವಾಣ ಹಾಕಿದನು. ಈ ಎಲ್ಲ ಗಡಿಬಿಡಿಯ ನಡುವೆ ಇಂಗ್ಲೆಂಡಿನ ಮಿತ್ರರಿಗೆ ಆತನು ಬರೆದ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಬೇಡಿಕೆ ಒಂದೇ: ಪುಸ್ತಕ ಕಳುಹಿಸಿರಿ!

ಮಠಾಧಿಪತಿನಿ ಎಡ್‌ಬುರ್ಗಳಿಗೆ ಬರೆದ ಪತ್ರದಲ್ಲಿ, ಸಂತ ಪೇತ್ರನ ಪತ್ರಿಕೆಗಳನ್ನು ಬಂಗಾರದ ಅಕ್ಷರಗಳಲ್ಲಿ ಬರೆದು ಕೊಡಬೇಕೆಂದು ಕೋರಿದ್ದಾನೆ. ಬರವಣಿಗೆಗೆ ಬೇಕಾದ ಸಾಮಗ್ರಿಯನ್ನು ತಾನೇ ಕಳುಹಿಸಿದ್ದಾನೆ. ಕಣ್ಣಿಗೆ ಕಾಣುವುದನ್ನೇ ನಂಬುವ ಜನಕ್ಕೆ ಗ್ರಂಥದ ಮೇಲೆ ಗೌರವ ಮೂಡಲೆಂಬುದು ಆತನ ಉಪಾಯ. ಮುಪ್ಪಿನಲ್ಲಿ ಡೇನಿಯಲನಿಗೆ ಬರೆದ ಇನ್ನೊಂದು ಪತ್ರವಂತೂ ಮನಸ್ಸನ್ನು ಕಲಕುತ್ತದೆ. ತನ್ನ ಗುರು ವಿನ್‌ಬರ್ಟನು ಬಿಟ್ಟುಹೋದ ಪ್ರವಾದಿಗಳ ಗ್ರಂಥವನ್ನು ಕಳುಹಿಸಬೇಕು. ಅದರ ಅಕ್ಷರಗಳು ಬಿಡಿಬಿಡಿಯಾಗಿ ಸ್ಪಷ್ಟವಾಗಿವೆ. ಕೂಡಿಸಿ ಬರೆದ ಸಣ್ಣ ಅಕ್ಷರಗಳನ್ನು ಓದಲು ತನ್ನ ಮಂಜುಗಣ್ಣಿಗೆ ಆಗದು ಎನ್ನುತ್ತಾನೆ. ಆ ವೇಳೆಗೆ ಡೇನಿಯಲನ ಕಣ್ಣುಗಳು ಪೂರ್ತಿ ಕುರುಡಾಗಿದ್ದುವು! ಅದೇ ಪತ್ರದಲ್ಲಿ ಆತನಿಗೆ ಸಾಂತ್ವನದ ಮಾತುಗಳೂ ಇವೆ.

ಲಿಯೋಬ ಎಂಬ ತರುಣ ಸನ್ಯಾಸಿನಿ, ಬೋನಿಫೇಸನ ದೂರದ ಬಂಧು, ಒಮ್ಮೆ ತಾನು ರಚಿಸಿದ ಲ್ಯಾಟಿನ್ ಪದ್ಯಗಳನ್ನು ಆತನಿಗೆ ಕಳುಹಿಸಿ ತಪ್ಪು ತಿದ್ದಿಕೊಡಬೇಕೆಂದು ಬೇಡಿದಳು. ತನಗೆ ಒಡಹುಟ್ಟಿದವರಿಲ್ಲ, ನೀವೇ ಅಣ್ಣನಾಗಿರಿ ಎಂದಳು. ಮುಂದೆ ಆತನು ಆಕೆಯನ್ನು ಜರ್ಮನಿಗೆ ಬರಮಾಡಿಕೊಂಡು ಟೌಬರ್‌ಬಿಷೊಫ್ಸ್‌ಹೈಮಿನ ಮಠದ ಒಡತಿಯನ್ನಾಗಿ ಮಾಡಿದನು. ಆ ಕಾಡುನಾಡಿನಲ್ಲಿ ಹೆಣ್ಣುಮಕ್ಕಳ ವಿದ್ಯೆಗೆ ಆ ಮಠವೊಂದು ನೆಲೆಯಾಯಿತು.

ವ್ಯಾಕರಣದ ಮೇಷ್ಟರ ಸ್ವಭಾವ ಮಾತ್ರ ಬೋನಿಫೇಸನನ್ನು ಕೊನೆಯವರೆಗೂ ಬಿಡಲಿಲ್ಲ. ಬವೇರಿಯದಲ್ಲಿ ಒಬ್ಬ ಪಾದ್ರಿ ದೀಕ್ಷಾಸ್ನಾನ ಕೊಡುವಾಗ ವಿಭಕ್ತಿ ಕೆಡಿಸಿಕೊಂಡು, 'ತಂದೆಯ ಮತ್ತು ಮಗನ ಹೆಸರಿನಲ್ಲಿ' ಎನ್ನುವುದರ ಬದಲು 'ತಾಯ್ನಾಡು ಮತ್ತು ಮಗಳು' ಎಂಬ ಅರ್ಥ ಬರುವಂತೆ ಲ್ಯಾಟಿನ್ ನುಡಿದುಬಿಟ್ಟನು. ಬೋನಿಫೇಸನು ಆ ಜನರಿಗೆ ಮತ್ತೊಮ್ಮೆ ದೀಕ್ಷಾಸ್ನಾನವಾಗಬೇಕೆಂದು ಪಟ್ಟುಹಿಡಿದನು. ಪೋಪ್ ಜಕಾರಿಯಸನು 746ರ ಸುಮಾರಿಗೆ, ಅಜ್ಞಾನದಿಂದಾದ ಭಾಷಾದೋಷವೇ ಹೊರತು ಮತದೋಷವಲ್ಲ, ಮತ್ತೆ ಸ್ನಾನ ಬೇಡ ಎಂದು ತೀರ್ಪಿತ್ತನು. ಉತ್ತರಪತ್ರಿಕೆ ತಿದ್ದುವ ವೃತ್ತಿಯಲ್ಲಿರುವ ನನ್ನಂಥವರು ನೆನಪಿಡಬೇಕಾದ ತೀರ್ಪು ಇದು.

744ರಲ್ಲಿ ಬೋನಿಫೇಸನ ಶಿಷ್ಯ ಸ್ಟುರ್ಮನು ಫುಲ್ಡಾ ಎಂಬಲ್ಲಿ ಕಾಡಿನ ನಡುವೆ ಮಠವೊಂದನ್ನು ಕಟ್ಟಿದನು. ವೃದ್ಧಾಪ್ಯವನ್ನು ಅಲ್ಲಿಯೇ ಕಳೆಯಬಹುದಾಗಿತ್ತು. ಆದರೆ ಮೊದಲು ಸೋತು ಬಂದಿದ್ದ ಫ್ರೀಸಿಯವು ಆತನನ್ನು ಮತ್ತೆ ಕರೆಯಿತು. ಶಿಷ್ಯ ಲುಲ್ಲನಿಗೆ ಎಲ್ಲ ಹೊಣೆಯನ್ನೂ ಒಪ್ಪಿಸಿ, ಪ್ರಯಾಣದ ಸಿದ್ಧತೆಯನ್ನು ಹೇಳುತ್ತ, ತನ್ನ ಹೆಣಕ್ಕೆ ಹೊದಿಸಲು ಒಂದು ನಾರುಬಟ್ಟೆಯನ್ನು ಪುಸ್ತಕಗಳ ಪೆಟ್ಟಿಗೆಯಲ್ಲಿಯೇ ಇಡು ಎಂದನಂತೆ. ಲುಲ್ಲನು ಕಣ್ಣೀರು ಸುರಿಸಿದನು. ಡೊಕ್ಕುಮಿನಲ್ಲಿ ದರೋಡೆಗಾರರಿಗೆ ಸಿಕ್ಕಿದ್ದು ಇಂಥ ಗ್ರಂಥಪೆಟ್ಟಿಗೆಗಳು.

ದೇಹವನ್ನು ಆತನ ಇಚ್ಛೆಯಂತೆ ಫುಲ್ಡಾಕ್ಕೆ ತಂದು ಸಮಾಧಿ ಮಾಡಿದರು. ಜೌಗಿನಲ್ಲಿ ಬಿದ್ದಿದ್ದ ಪುಸ್ತಕಗಳೂ ಮರಳಿ ದೊರಕಿದುವೆಂದು ಚರಿತ್ರಕಾರನು ಹೇಳುತ್ತಾನೆ. ಕತ್ತಿಯ ಪೆಟ್ಟುಗಳ ಗುರುತಿರುವ ಹಳೆಯ ಹಸ್ತಪ್ರತಿಯೊಂದನ್ನು ಫುಲ್ಡಾದಲ್ಲಿ ಇಂದಿಗೂ ಕಾಪಾಡಿದ್ದಾರೆ. ಕೊನೆಯ ಗಳಿಗೆಯಲ್ಲಿ ಆತನು ತಲೆಗೆ ಅಡ್ಡ ಹಿಡಿದದ್ದು ಇದನ್ನೇ ಎಂಬುದು ಭಕ್ತರ ನಂಬಿಕೆ. ವಿದ್ವಾಂಸರಲ್ಲಿ ಸಂದೇಹ ಉಂಟು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬೋನಿಫೇಸನು ತೀರಿಕೊಂಡ ಸುಮಾರು ಎಂಬತ್ತು ವರ್ಷಗಳ ಬಳಿಕ, ಅದೇ ಫುಲ್ಡಾದಲ್ಲಿ ಇಬ್ಬರು ಬರಹಗಾರರು ಒಂದು ಧಾರ್ಮಿಕ ಗ್ರಂಥದ ಮೊದಲ ಮತ್ತು ಕೊನೆಯ ಖಾಲಿ ಪುಟಗಳಲ್ಲಿ ಹಳೆಯ ಜರ್ಮನ್ ವೀರಗೀತೆಯೊಂದನ್ನು ಬರೆದಿಟ್ಟರು. ತಂದೆ ಮಗ ರಣರಂಗದಲ್ಲಿ ಎದುರುಬದುರಾಗುವ 'ಹಿಲ್ಡೆಬ್ರಾಂಡನ ಹಾಡು' ಅದು. ಪುಟ ಮುಗಿದಲ್ಲಿ ಹಾಡೂ ನಡುವೆಯೇ ನಿಂತಿದೆ. ಹಳೆಯ ಜರ್ಮನ್ ಭಾಷೆಯ ವೀರಗೀತೆಗಳಲ್ಲಿ ನಮಗೆ ಉಳಿದಿರುವುದು ಅದೊಂದೇ.

ಆ ಜನರ ಪವಿತ್ರವೃಕ್ಷವನ್ನು ಉರುಳಿಸಿದವನ ಮಠವೇ ಆ ಜನರ ಹಾಡನ್ನು ಉಳಿಸಿಕೊಟ್ಟಿತು. ಬೋನಿಫೇಸನು ಇದನ್ನು ಬಯಸಿದ್ದನೋ ಇಲ್ಲವೋ, ಆತನು ಬಿತ್ತಿದ ಅಕ್ಷರವು ಆತನ ಕೊಡಲಿಗಿಂತ ಉದಾರವಾಗಿ ಬೆಳೆಯಿತು. ಗೈಸ್ಮಾರಿನ ಮರ ಮತ್ತೆ ಚಿಗುರಲಿಲ್ಲ. ಫುಲ್ಡಾದ ಆ ಎರಡು ಪುಟಗಳನ್ನು ಇಂದಿಗೂ ಓದಬಹುದು.