ಅಂಗೈಯ ಬೊಬ್ಬೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟಕ್ಕೇರಿಸಿದ ತೆಂಗಿನಕಾಯಿ 10-12 ತಿಂಗಳಿಗೆ ಉಂಡೆಕೊಬ್ಬರಿಯಾಗುವುದು. ಅದನ್ನು ಹೊಸದಾಗಿ ಸುಲಿಯುವವರ ಅಂಗೈಯಲ್ಲಿ ಒಂದೇ ದಿನಕ್ಕೆ ಬೊಬ್ಬೆಯೇಳುವುದು. ತಿಕ್ಕಾಟದಿಂದ ಚರ್ಮದ ಪದರಗಳು ಬೇರ್ಪಟ್ಟು ನಡುವೆ ನೀರು ತುಂಬುವುದೇ ಇದಕ್ಕೆ ಕಾರಣ.

ಕಾಯಿಯನ್ನು ಸುಲಿಯಬೇಕು, ಬೊಬ್ಬೆಯನ್ನು ಸುಲಿಯಬಾರದು. ಆ ಮೇಲ್ದೊಗಲೇ ಗಾಯಕ್ಕೆ ಪ್ರಕೃತಿ ಕಟ್ಟಿದ ಪಟ್ಟಿ. ಸಾಬೂನು ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಕಟ್ಟಿ, ಕೈಗೆ ವಿಶ್ರಾಂತಿ ಕೊಟ್ಟರೆ ನೀರು ತಾನೇ ಇಂಗಿ, ಒಳಗೆ ಹೊಸ ಚರ್ಮ ಬೆಳೆಯುವುದು. ತಾನಾಗಿ ಒಡೆದರೂ ದೊಗಲನ್ನು ಕೀಳದೆ ಹಾಗೆಯೇ ಕಟ್ಟತಕ್ಕದ್ದು.

ಸುತ್ತಲೂ ಕೆಂಪೇರಿ ಬಿಸಿಯಾದರೆ, ಕೀವಾಗಲಿ ಜ್ವರವಾಗಲಿ ತೋರಿದರೆ, ಇಲ್ಲವೆ ಮಧುಮೇಹವಿದ್ದರೆ, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಒಂದು ದಿನದ ಕೂಲಿ ಹೋದರೆ ಮತ್ತೆ ಬಂದೀತು. ಕೈ ಕೆಟ್ಟರೆ ದುಡಿಮೆಯೇ ನಿಂತೀತು.