ಹೊಟ್ಟೆಯ ಮೇಲಿನ ಚೀಲ ಮತ್ತು ಮನೆಯ ಜಮಾ-ಖರ್ಚು

ಡೊಂಬಿವಲಿ ಎಂ.ಐ.ಡಿ.ಸಿ.ಯ ಬಣ್ಣದ ಕಾರಖಾನೆಯೊಂದರಲ್ಲಿ ದುಡಿಯುವ ನಮ್ಮ ಊರ ಕಡೆಯವರೊಬ್ಬರು ಕೆಲವು ತಿಂಗಳ ಹಿಂದೆ ನನ್ನ ಶಾಖೆಗೆ ಬಂದಿದ್ದರು. ಮಗಳ ಮದುವೆಗೆಂದು ಇರಿಸಿದ್ದ ನಿಶ್ಚಿತ ಠೇವಣಿಯನ್ನು ಅವಧಿಗೆ ಮುಂಚೆಯೇ ಮುರಿಯಬೇಕೆಂದರು. ಕಾರಣ ಕೇಳಿದಾಗ ಸುತ್ತಲೂ ನೋಡಿ ದನಿ ತಗ್ಗಿಸಿದರು. "ಕರುಳಿನ ಕ್ಯಾನ್ಸರಿಗೆ ಆಪರೇಶನ್ ಆಗಿದೆ ಮಾರಾಯ್ರೆ. ಅದರ ಹಣ ಕಂಪೆನಿಯ ವಿಮೆಯಿಂದ ಬಂತು. ಈ ಚೀಲದ ಹಣವನ್ನು ಮಾತ್ರ ಯಾರೂ ಕೊಡುವುದಿಲ್ಲ" ಎಂದರು. ಉಳಿತಾಯವಾಗಲೆಂದು ಅವರು ಒಂದೇ ಚೀಲವನ್ನು ತೊಳೆದು ತೊಳೆದು ವಾರಗಟ್ಟಲೆ ಬಳಸಿದ್ದರು. ಸುತ್ತಲಿನ ಚರ್ಮ ಸುಲಿದು ಹುಣ್ಣಾಗಿತ್ತು. ಅವರಿಗೆ ಅಂದು ಹೇಳಿದ್ದನ್ನೂ ಆಮೇಲೆ ವಿಚಾರಿಸಿ ತಿಳಿದುದನ್ನೂ ಇಲ್ಲಿ ಬರೆದಿದ್ದೇನೆ.

ಕರುಳಿನ ಅಥವಾ ಮೂತ್ರಕೋಶದ ರೋಗದಲ್ಲಿ ಸಹಜ ಮಾರ್ಗವನ್ನು ಉಳಿಸಲಾಗದಿದ್ದಾಗ ಶಸ್ತ್ರವೈದ್ಯರು ಹೊಟ್ಟೆಯ ಮೇಲೆ ಒಂದು ದ್ವಾರವನ್ನು ನಿರ್ಮಿಸುತ್ತಾರೆ. ಇದೇ ಆಸ್ಟಮಿ. ದೊಡ್ಡ ಕರುಳಿನಿಂದಾದರೆ ಕೊಲಾಸ್ಟಮಿ, ಸಣ್ಣ ಕರುಳಿನಿಂದಾದರೆ ಇಲಿಯಾಸ್ಟಮಿ, ಮೂತ್ರಕ್ಕಾದರೆ ಯುರಾಸ್ಟಮಿ. ಕೆಲವರಿಗೆ ಇದು ಕೆಲವು ತಿಂಗಳ ಏರ್ಪಾಡು, ಕೆಲವರಿಗೆ ಜೀವನಪರ್ಯಂತ.

ಲೆಕ್ಕ ಹೀಗಿದೆ

ಚರ್ಮಕ್ಕೆ ಅಂಟುವ ತಟ್ಟೆಗೆ 350 ರೂ., ಚೀಲಕ್ಕೆ 200 ರೂ. ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಎಂಟೆಂಟು ಬೇಕಾದರೆ 4,400 ರೂ. ಆಯಿತು. ಪೇಸ್ಟು, ಪಟ್ಟಿಗಳಿಗೆ 600 ರೂ. ಸೇರಿಸಿದರೆ ತಿಂಗಳಿಗೆ 5,000, ವರ್ಷಕ್ಕೆ 60,000 ರೂ. ಶಸ್ತ್ರಕ್ರಿಯೆಯ ವೆಚ್ಚ ಒಂದೇ ಬಾರಿಯದು. ಇದು ಬಾಡಿಗೆಯಂತೆ ಪ್ರತಿ ತಿಂಗಳೂ ಬರುವಂಥದು. ನಮ್ಮ ವಿಮೆ, ಯೋಜನೆಗಳೆಲ್ಲ ಮೊದಲನೆಯದನ್ನು ಕಣ್ಣೆದುರಿಗಿಟ್ಟುಕೊಂಡೇ ರಚಿತವಾಗಿವೆ. ತೊಡಕು ಇರುವುದು ಇಲ್ಲಿಯೇ.

ಯಾರಿಂದ ಏನು?

ತಿಂಗಳ ವೇತನ 21,000 ರೂ. ಮೀರದ ಕಾರ್ಮಿಕರಿಗೆ (ಈ ಮಿತಿ 2017ರ ಜನವರಿಯಿಂದ ಬಂದುದು) ಇ.ಎಸ್.ಐ. ಯೋಜನೆಯೇ ದೊಡ್ಡ ಆಸರೆ. ಅದರಲ್ಲಿ ಚಿಕಿತ್ಸೆಗೆ ಖರ್ಚಿನ ಮಿತಿಯಿಲ್ಲ. ಕ್ಯಾನ್ಸರಿನಂಥ ದೀರ್ಘ ರೋಗದಲ್ಲಿ, ನಿಬಂಧನೆಗಳಿಗೊಳಪಟ್ಟು, ವೇತನದ ಶೇ. 80ರಷ್ಟು ಭತ್ಯೆ ಎರಡು ವರ್ಷಗಳವರೆಗೆ ದೊರೆಯುತ್ತದೆ. ಚೀಲದ ಅಗತ್ಯವನ್ನು ಅಲ್ಲಿಯ ವೈದ್ಯರಿಂದಲೇ ಬರೆಸಿ ಕೇಳಬೇಕು.

ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ಪಡಿತರ ಚೀಟಿಯುಳ್ಳ ಎಲ್ಲ ಕುಟುಂಬಗಳಿಗೂ ವಿಸ್ತರಿಸಿ, ವರ್ಷಕ್ಕೆ 5 ಲಕ್ಷ ರೂ. ರಕ್ಷಣೆ ಕೊಡುವ ನಿರ್ಧಾರವನ್ನು ಮಹಾರಾಷ್ಟ್ರ ಸರಕಾರ 2023ರಲ್ಲಿ ಕೈಗೊಂಡಿತು. ಇಪ್ಪತ್ತು ವರ್ಷ ಇಲ್ಲಿದ್ದರೂ ಪಡಿತರ ಚೀಟಿಯನ್ನು ಊರಿನಲ್ಲೇ ಉಳಿಸಿಕೊಂಡ ನಮ್ಮವರು ಇದನ್ನು ಗಮನಿಸಬೇಕು. ಶಸ್ತ್ರಕ್ರಿಯೆಗೆ ಇದು ನೆರವಾಗುತ್ತದೆ. ಮನೆಗೆ ಮರಳಿದ ಮೇಲಿನ ವರ್ಷಗಳ ಚೀಲಕ್ಕಲ್ಲ.

ಖಾಸಗಿ ವಿಮೆಯಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ಒಂದು ಅವಧಿಯ ವೆಚ್ಚಕ್ಕೂ ಅವಕಾಶವಿದೆ. 2020ರಲ್ಲಿ ಬಂದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಅದು 60 ದಿನ. ಕೊಡಲಾಗದ ವಸ್ತುಗಳ ಪಟ್ಟಿಯನ್ನು ಮೊದಲು ಓದಿರಿ. ವೈದ್ಯರ ಚೀಟಿ ಮತ್ತು ಪಕ್ಕಾ ಬಿಲ್ಲುಗಳೊಂದಿಗೆ ಆ ದಿನಗಳ ಚೀಲದ ಹಣವನ್ನು ಕೇಳಿರಿ. ನಮ್ಮ ಮಿತ್ರರು ಬಿಲ್ಲಿಲ್ಲದೆ ಕೊಂಡಿದ್ದರು. ನನ್ನಲ್ಲಿಗೆ ಬರುವಾಗ ಅವಧಿಯೂ ಮುಗಿದಿತ್ತು.

ನಮ್ಮ ಲೋಕಲ್ ಪ್ರಯಾಣಿಕರಲ್ಲಿ ಹೆಚ್ಚಿನವರು ಅರಿಯದ ಸಂಗತಿಯೊಂದಿದೆ. ಆಸ್ಟಮಿ ರೋಗಿಗಳಿಗೆ ರೈಲ್ವೆಯು ಮಾಸಿಕ ಮತ್ತು ತ್ರೈಮಾಸಿಕ ಪಾಸುಗಳಲ್ಲಿ ಶೇ. 50 ರಿಯಾಯಿತಿ ನೀಡುತ್ತದೆ. ಜೊತೆಗೆ ಹೋಗುವ ಒಬ್ಬರಿಗೂ ಇದು ಉಂಟು. ಬೇಕಾದುದು ನಿಗದಿತ ನಮೂನೆಯಲ್ಲಿ ವೈದ್ಯರ ಪ್ರಮಾಣಪತ್ರ ಮಾತ್ರ.

ಚೀಲ, ಪೇಸ್ಟು ಮೊದಲಾದವುಗಳ ಮೇಲಿನ ಜಿ.ಎಸ್.ಟಿ.ಯನ್ನು 2022ರ ಜುಲೈ 18ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಬಿಲ್ಲಿನಲ್ಲಿ ಇದನ್ನು ಪರೀಕ್ಷಿಸಿಕೊಳ್ಳಿರಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚದಲ್ಲಿ 40,000 ರೂ.ವರೆಗೆ, ಅರುವತ್ತು ತುಂಬಿದವರಿಗೆ ಒಂದು ಲಕ್ಷದವರೆಗೆ ಆದಾಯದಿಂದ ಕಡಿತವಿದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿದ 21 ವಿಧಗಳಲ್ಲಿ ಆಸ್ಟಮಿ ಸೇರಿಲ್ಲ. ಈ ನ್ಯೂನತೆಯನ್ನು ನಮ್ಮ ಜನಪ್ರತಿನಿಧಿಗಳ ಗಮನಕ್ಕೆ ತರಬೇಕಾಗಿದೆ.

ಸಂಕೋಚದ ಬೆಲೆ

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆಸ್ಟಮಿಯವರಿಗಾಗಿಯೇ ಚಿಕಿತ್ಸಾ ವಿಭಾಗವಿದೆ. ವೈದ್ಯಕೀಯ ಸಮಾಜ ಕಾರ್ಯಕರ್ತರೂ ಇದ್ದಾರೆ. ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಕೂಡ ಮುಂಬಯಿಯಲ್ಲಿಯೇ ಇದೆ. ಕೊಲಾಸ್ಟಮಿಯುಳ್ಳ ಕೆಲವರಿಗೆ, ವೈದ್ಯರು ಸಮ್ಮತಿಸಿದರೆ, ದ್ವಾರದ ಮೂಲಕ ನೀರು ಹಾಯಿಸಿ ಕರುಳನ್ನು ತೊಳೆಯುವ ಕ್ರಮವನ್ನು ಕಲಿಸುತ್ತಾರೆ. ಇದರಿಂದ ಚೀಲದ ಖರ್ಚು ಬಹಳಷ್ಟು ತಗ್ಗುತ್ತದೆ. ಆದರೆ ಇದಾವುದೂ ಬಾಯಿಬಿಟ್ಟು ಕೇಳದವರ ಬಳಿಗೆ ತಾನಾಗಿ ಬರುವುದಿಲ್ಲ. ನಮ್ಮ ಮಿತ್ರರು ಎರಡು ವರ್ಷ ಬದಲಾಪುರದಿಂದ ಪೂರ್ತಿ ಹಣ ಕೊಟ್ಟು ಪಾಸು ತೆಗೆಸಿ ಓಡಾಡಿದ್ದರು. ರಿಯಾಯಿತಿಯ ಮಾತು ಅವರ ಕಿವಿಗೆ ಬೀಳಬೇಕಾದರೆ ರೋಗದ ಮಾತು ಅವರ ಬಾಯಿಂದ ಹೊರಡಬೇಕಾಗಿತ್ತು.

ಠೇವಣಿಯನ್ನು ಅವರು ಮುರಿಯಲಿಲ್ಲ. ಅದರ ಮೇಲೆಯೇ ಸಣ್ಣ ಸಾಲ ಪಡೆದರು. ಠೇವಣಿಯ ಬಡ್ಡಿಯು ಎಂದಿನಂತೆ ಬೆಳೆಯುತ್ತಿದೆ. ಚೀಲವನ್ನು ಈಗ ಸಕಾಲದಲ್ಲಿ ಬದಲಿಸುತ್ತಾರೆ, ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡುತ್ತಾರೆ. ಮೊನ್ನೆ ಬಂದಾಗ ಅರ್ಧ ದರದ ಪಾಸನ್ನು ಮೇಜಿನ ಮೇಲಿಟ್ಟು ತೋರಿಸಿದರು. ಅಂದು ಅವರು ದನಿ ತಗ್ಗಿಸಲಿಲ್ಲ.

ನಮ್ಮ ಸಂಘದ ಬಂಧುಗಳಲ್ಲಿ ಇಂಥವರು ಇನ್ನೂ ಕೆಲವರಿರಬಹುದು. ಅವರು ಮಾತನಾಡಲು ನಾವು ಎಡೆಮಾಡಿಕೊಟ್ಟರೆ ಅದೂ ಒಂದು ಸಹಾಯನಿಧಿಯೇ ಸರಿ.